ನನ್ನ ಆಕಾಶ ಯಾಕಿಷ್ಟು ನೀಲಿ

ನಿವೃತ್ತಿಯಾದ ಮೇಲಿನ ಮೊದಲ ಎರಡು ತಿಂಗಳು ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ದೆಹಲಿಯ ಒಂದು ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು ನಾನು. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಮೆಟ್ರೊ ಹಿಡಿದರೆ ಮತ್ತೆ ಮನೆ ಸೇರುವುದು ಹೊತ್ತು ಮುಳುಗಿದ ಮೇಲೆಯೇ. ಹಾಗಾಗಿ ಗ್ರೇಟರ್ ನೋಯ್ಡಾದ ಈ ಹದಿನಾಲ್ಕನೆಯ ಮಹಡಿಯ ಮನೆಗೆ ಬಂದು ಒಂಬತ್ತು ವರ್ಷವಾಗಿದ್ದರೂ, ಹಗಲು ಹೊತ್ತಿನಲ್ಲಿ ಇದರ ಕಿಟಕಿಯಿಂದ ಏನು ಕಾಣುತ್ತದೆ ಎಂದು ನಾನು ನಿಂತು ನೋಡಿರಲೇ ಇಲ್ಲ.

ನಮ್ಮ ಸೊಸೈಟಿಯ ಕಾಂಪೌಂಡು, ಅದರಾಚೆ ಪಕ್ಕದ ಹಳ್ಳಿಯವರ ಸಾಸಿವೆ ಹೊಲ, ಹೊಲದ ನಡುವೆ ಎಮ್ಮೆಗಳು ಬಿದ್ದುಕೊಳ್ಳುವ ಒಂದು ಹೊಂಡ, ಇನ್ನೂ ಆಚೆಗೆ ಅರ್ಧಕ್ಕೆ ನಿಂತ ಆರು ಕಟ್ಟಡಗಳು, ಕೊನೆಯಲ್ಲಿ ಇಟ್ಟಿಗೆ ಭಟ್ಟಿಯ ಒಂದು ಚಿಮಣಿ. ಕೆಲವು ದಿನ ಬೆಳಗ್ಗೆ ಕುದುರೆಯಷ್ಟೆತ್ತರದ, ಜಿಂಕೆಯಂಥ ನೀಲಗಾಯಿಗಳು ಹೊಂಡಕ್ಕೆ ನೀರಿಗೆ ಬರುತ್ತಿದ್ದವು. ಕಾಫಿ ಲೋಟ ಹಿಡಿದು ನಿಂತರೆ ಕಾಫಿ ಆರಿ ತಣ್ಣಗಾಗುವವರೆಗೂ ಅಲ್ಲೇ ನಿಂತಿರುತ್ತಿದ್ದೆ.

ನಮ್ಮ ಮಗಳು ವಾರದಲ್ಲಿ ಮೂರು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾಳೆ. ಅವಳು ಎಂದೋ ಆಸೆಪಟ್ಟು ಕೊಂಡು, ಬಳಸದೆ ಕಪಾಟಿನಲ್ಲಿಟ್ಟಿದ್ದ ಒಂದು ಟ್ಯಾಬ್ ಇತ್ತು. ಅದರ ಮೇಲೆ ಪೆನ್ನಿನಿಂದ ಚಿತ್ರ ಬರೆಯಬಹುದು. ನಾನು ಕಿಟಕಿಗೆ ಅಂಟಿಕೊಂಡಿರುವುದನ್ನು ನೋಡಿ ಒಂದು ದಿನ ಅದನ್ನು ತಂದು ನನ್ನ ಕೈಗಿಟ್ಟಳು.

“ಅಮ್ಮಾ, ಯೇ ಲೇ ಲೋ. ಅದೇ ವ್ಯೂನ ಡ್ರಾ ಮಾಡು,” ಅಂದಳು. ಅವಳ ಕನ್ನಡ ಹಾಗೆಯೇ, ಒಂದು ವಾಕ್ಯದಲ್ಲಿ ಮೂರು ಊರು.

ಶಾಲೆಯಲ್ಲಿ ಭೂಪಟ ಬರೆದದ್ದು ಬಿಟ್ಟರೆ ನಾನು ಚಿತ್ರ ಬರೆದವಳಲ್ಲ. ಆದರೂ ಬೇಡ ಅನ್ನಲಿಲ್ಲ. ವಿಡಿಯೊ ನೋಡಿ ಕಲಿಯೋಣ ಎಂದು ಕೂತೆ. ಅಲ್ಲಿಂದ ಗೊಂದಲ ಶುರುವಾಯಿತು. ಒಬ್ಬ ಮೊದಲು ಆಕಾಶ ತುಂಬಿಸಿ ಅನ್ನುತ್ತಿದ್ದ, ಇನ್ನೊಬ್ಬಳು ಆಕಾಶವನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತಿದ್ದಳು. ಒಬ್ಬರು ಫೋಟೊ ನೋಡಿ ಬರೆಯಿರಿ ಅಂದರೆ ಮತ್ತೊಬ್ಬರು ಫೋಟೊ ಮುಟ್ಟಲೇಬೇಡಿ ಅಂದರು. ಲೇಯರ್ ಅನ್ನುವುದು ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಎಂದು ಗೊತ್ತಾಗುವುದಕ್ಕೇ ನನಗೆ ಒಂದು ವಾರ ಹಿಡಿಯಿತು. ಗೊತ್ತಾದ ಮೇಲೆ ಪ್ರತಿಯೊಂದಕ್ಕೂ ಒಂದೊಂದು ಹಾಳೆ ಮಾಡಿದೆ: ಹೊಂಡಕ್ಕೊಂದು, ಎಮ್ಮೆಗೊಂದು, ಚಿಮಣಿಗೊಂದು, ಹೊಗೆಗೊಂದು. ಮೂವತ್ತು ಹಾಳೆಗಳಾದವು. ಒಂದು ಮಧ್ಯಾಹ್ನ ಕಷ್ಟಪಟ್ಟು ಬರೆದ ಮರಗಳೆಲ್ಲ ಆಕಾಶದ ಹಿಂದೆ ಹೋಗಿ ಕೂತವು. ಅವನ್ನು ಮುಂದಕ್ಕೆ ಎಳೆಯಲು ಹೋಗಿ ಹೊಂಡವನ್ನೇ ಅಳಿಸಿಬಿಟ್ಟೆ. ಬ್ರಷ್‌ಗಳಂತೂ ನೂರಾರು. ಹುಲ್ಲಿನ ಬ್ರಷ್ ಒತ್ತಿದರೆ ಹುಲ್ಲು ತಾನಾಗಿಯೇ ಬೀಳುತ್ತಿತ್ತು, ಮೋಡದ ಬ್ರಷ್ ಒತ್ತಿದರೆ ಮೋಡ. ಬಿದ್ದದ್ದು ಚೆನ್ನಾಗಿ ಕಂಡರೂ ಅದನ್ನು ನಾನು ಬರೆದೆನೋ ಯಂತ್ರ ಬರೆಯಿತೋ ತಿಳಿಯುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ತೋರಿಸಿದರೆ ಎಲ್ಲದಕ್ಕೂ ಚೆನ್ನಾಗಿದೆ ಅನ್ನುತ್ತಿದ್ದರು. ಒಮ್ಮೆ ಬೇಕೆಂದೇ ಟ್ಯಾಬನ್ನು ತಲೆಕೆಳಗೆ ಮಾಡಿ ಹಿಡಿದೆ. ಆಗಲೂ ಚೆನ್ನಾಗಿದೆ ಅಂದರು.

ಯುಗಾದಿಯ ದಿನ ನಮ್ಮ ಸೊಸೈಟಿಯ ಕನ್ನಡದವರು ಕ್ಲಬ್ ಹೌಸಿನಲ್ಲಿ ಸೇರಿ ಊಟ ಮಾಡಿದೆವು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವಳು ಚಿತ್ರದುರ್ಗದ ಕಡೆಯ ಹುಡುಗಿ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಆರನೆಯ ಮಹಡಿಯಲ್ಲಿ ಇನ್ನಿಬ್ಬರು ಗೆಳತಿಯರೊಂದಿಗೆ ಇದ್ದಳು. ಮನೆಯಲ್ಲಿ ಉರ್ದು ಮಾತಾಡುವವರಾದ್ದರಿಂದ ಇಲ್ಲಿಯ ಹಿಂದಿ ತನಗೆ ಕಷ್ಟವಾಗಲಿಲ್ಲ ಎಂದಳು. ಕೆಲಸ ಏನಮ್ಮಾ ಎಂದು ಕೇಳಿದೆ. ಮೊಬೈಲ್ ಆಟಗಳಲ್ಲಿ ಓಡುವವರ ಹಿಂದೆ ಬೆಟ್ಟ, ಕಾಡು, ಮರಳುಗಾಡು ಬರುತ್ತದಲ್ಲ, ಅದನ್ನು ಬರೆಯುವುದು ಎಂದಳು. ಒಬ್ಬಟ್ಟು ಬಡಿಸಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡಿದೆ.

ಮುಂದಿನ ಭಾನುವಾರದಿಂದ ಅವಳು ನಮ್ಮ ಮನೆಗೆ ಬರತೊಡಗಿದಳು. ಬೆಳಗಿನ ಉಪ್ಪಿಟ್ಟು, ಒಂದು ಲೋಟ ಕಾಫಿ, ಆಮೇಲೆ ಒಂದು ತಾಸು ಪಾಠ. ಮೊದಲನೆಯ ದಿನವೇ ನನ್ನ ಮೂವತ್ತು ಹಾಳೆಗಳನ್ನು ನೋಡಿ ನಕ್ಕು, ಎಲ್ಲವನ್ನೂ ಬದಿಗಿಟ್ಟು ಮೂರೇ ಹಾಳೆ ಕೊಟ್ಟಳು. ದೂರದ್ದಕ್ಕೆ ಒಂದು, ನಡುವಿನದ್ದಕ್ಕೆ ಒಂದು, ಹತ್ತಿರದ್ದಕ್ಕೆ ಒಂದು. ಬ್ರಷ್ ಒಂದೇ, ದುಂಡನೆಯದು. ಬಣ್ಣವನ್ನೂ ಕಿತ್ತುಕೊಂಡಳು. ಒಂದು ತಿಂಗಳು ಬರೀ ಬೂದು.

“ಆಂಟಿ, ಕಣ್ಣನ್ನ ಅರ್ಧ ಮುಚ್ಚಿಕೊಂಡು ನೋಡಿ. ಎಮ್ಮೆ, ಮರ, ಚಿಮಣಿ ಅಂತ ಹೆಸರು ಇಟ್ಟು ನೋಡ್ಬೇಡಿ. ಯಾವುದು ಕಪ್ಪಗಿದೆ, ಯಾವುದು ಬೆಳ್ಳಗಿದೆ, ಅಷ್ಟೇ ನೋಡಿ,” ಅಂದಳು.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಎಲ್ಲವೂ ಒಂದೇ ಥರ ಕಂಡಿತು. ಅದು ನನ್ನ ದಡ್ಡತನ ಅಂದುಕೊಂಡೆ. ಅವಳು ತಾಳ್ಮೆಯವಳು. ದಿನಕ್ಕೊಂದು ಚಿತ್ರ, ಅಂಗೈಯಷ್ಟು ಚಿಕ್ಕದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಅದೇ ಕಿಟಕಿ, ಅದೇ ನೋಟ ಎಂದು ಹೋಂವರ್ಕ್ ಕೊಟ್ಟು ಹೋದಳು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಕಚೇರಿಗೆ ರಜೆ ಹಾಕದವಳಿಗೆ ಅದೇನು ದೊಡ್ಡದಲ್ಲ. ತಿಂಗಳು ಕಳೆಯುವಷ್ಟರಲ್ಲಿ ಕೈ ಸ್ವಲ್ಪ ಪಳಗಿತು. ಹೊಂಡ ಹೊಂಡದ ಹಾಗೆ ನೆಲದಲ್ಲಿ ಮಲಗತೊಡಗಿತು, ಮೊದಲಿನಂತೆ ಗೋಡೆಗೆ ಒರಗಿದ ಕನ್ನಡಿಯ ಹಾಗೆ ನಿಲ್ಲುತ್ತಿರಲಿಲ್ಲ.

ಬೂದು ಚಿತ್ರಗಳಲ್ಲೂ ಅವಳು ಒಂದು ತಪ್ಪನ್ನು ಮತ್ತೆ ಮತ್ತೆ ತೋರಿಸುತ್ತಿದ್ದಳು. ದೂರ ಹೋದ ಹಾಗೆ ವಸ್ತುಗಳು ಮಾಸಬೇಕು, ಗಾಳಿಯಲ್ಲಿ ಕರಗಬೇಕು. ದೆಹಲಿ ಕಡೆಯ ಗಾಳಿಯಲ್ಲಿ ಅದನ್ನು ಕಲಿಯುವುದು ಸುಲಭ, ಇಲ್ಲಿ ಎರಡು ಕಿಲೋಮೀಟರಿಗೇ ಎಲ್ಲ ಮಾಸುತ್ತದೆ ಎಂದು ತಮಾಷೆ ಮಾಡುತ್ತಿದ್ದಳು. ಆದರೆ ನನ್ನ ಚಿಮಣಿ ಮಾತ್ರ ಗಡುಸಾಗಿ, ಕೈಗೆ ಸಿಗುವಷ್ಟು ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ಮಾಸಲಾಗಿ ಬರೆದರೆ ಅದು ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಕಾಣಲಿ ಎಂದು ಇನ್ನಷ್ಟು ಒತ್ತುತ್ತಿದ್ದೆ.

ಬಣ್ಣ ಬಂದ ಮೇಲೆ ತಕರಾರು ಹೆಚ್ಚಿತು. ಮಳೆಗಾಲದಲ್ಲಿ ಒಂದು ಸಂಜೆ ಮಳೆ ನಿಂತು ಆಕಾಶ ತೊಳೆದ ಹಾಗಿತ್ತು. ಎರಡು ದಿನ ಕೂತು ಬರೆದೆ. ನನಗೇ ಮೆಚ್ಚಿಗೆಯಾಯಿತು. ಮಗಳಿಗೆ ತೋರಿಸಿದೆ.

“ಅಮ್ಮಾ, ಇಟ್ಸ್ ನಿಯಾನ್. ಇತ್ನಾ ನೀಲಾ ಕೌನ್ ಕರ್ತಾ ಹೈ?” ಅಂದಳು.

ಹುಡುಗಿಗೆ ತೋರಿಸಿದೆ. ಅವಳೂ ಮೆಲ್ಲಗೆ ಅದನ್ನೇ ಹೇಳಿದಳು. ಆಂಟಿ, ನೀಲಿ ತುಂಬಾ ಜಾಸ್ತಿಯಾಗಿದೆ, ಮೋಡದ ನೆರಳು ನೇರಳೆಯಾಗಿದೆ ಎಂದಳು. ನಾನು ಟ್ಯಾಬನ್ನು ಕಿಟಕಿಯ ಬಳಿ ಹಿಡಿದು ನೋಡಿದೆ. ನೀಲಿ ನನಗೆ ನೀಲಿಯ ಹಾಗೆಯೇ ಕಾಣುತ್ತಿತ್ತು, ಹೆಚ್ಚೇನೂ ಇರಲಿಲ್ಲ. ಸ್ವಲ್ಪ ಕಡಿಮೆ ಮಾಡಿದರೆ ಅದು ಆಕಾಶವಾಗಿ ಉಳಿಯದೆ ಟೀ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಮೂರು ಭಾನುವಾರ ಇದೇ ಆಯಿತು. ಮೂರನೆಯ ಭಾನುವಾರ ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಆಕಾಶದ ಮೇಲೆ ತನ್ನ ಆಕಾಶ ಬಳಿದಳು. ಬಳಿದದ್ದು ನನ್ನ ಕಣ್ಣಿಗೆ ಕೊಳಕಾಗಿ ಕಂಡಿತು.

“ದಿನಾ ಆ ಗೇಮಿನ ಬಣ್ಣ ನೋಡಿ ನೋಡಿ ನಿನ್ನ ಕಣ್ಣೇ ಕೆಟ್ಟಿದೆ ಕಣಮ್ಮ. ನಾನು ಈ ಕಿಟಕಿ ಮುಂದೆ ಆರು ತಿಂಗಳಿಂದ ನಿಂತಿದ್ದೀನಿ,” ಅಂದುಬಿಟ್ಟೆ.

ಅವಳು ಪೆನ್ನು ಕೆಳಗಿಟ್ಟಳು. ಕಾಫಿ ಮುಗಿಸಿ, ಬರ್ತೀನಿ ಆಂಟಿ ಎಂದು ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ ಎಂದು ಸಂದೇಶ ಕಳಿಸಿದಳು. ಅದರ ಮುಂದಿನ ಭಾನುವಾರ ಸಂದೇಶವೂ ಇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಮಸ್ತೆ ಆಂಟಿ ಎಂದು ಫೋನ್ ನೋಡುತ್ತಾ ನಿಂತಳು. ಆರನೆಯ ಮಹಡಿ ಬಂದಕೂಡಲೇ ಇಳಿದು ಹೋದಳು.

ತಪ್ಪು ಟ್ಯಾಬಿನದ್ದೇ ಇರಬೇಕು ಎಂದು ನನಗೆ ಹೊಳೆದದ್ದು ಆಗ. ಹಳೆಯ ಟ್ಯಾಬ್, ಪರದೆಯ ಬಣ್ಣ ಕೆಟ್ಟಿರಬಹುದು. ಹಾಗಾದರೆ ಅವಳದ್ದೂ ತಪ್ಪಲ್ಲ, ನನ್ನದೂ ಅಲ್ಲ. ಈ ಯೋಚನೆ ಬಂದಕೂಡಲೇ ಸಮಾಧಾನವಾಯಿತು. ಮಗಳನ್ನು ಕೇಳಿ ದೆಹಲಿಯ ಕರೋಲ್ ಬಾಗಿನಲ್ಲಿ ಇಂಥ ಪರದೆಗಳನ್ನು ರಿಪೇರಿ ಮಾಡುವ ಒಂದು ಅಂಗಡಿ ಹುಡುಕಿಸಿ, ಮೆಟ್ರೊದಲ್ಲಿ ಒಂದೂವರೆ ತಾಸು ಪ್ರಯಾಣ ಮಾಡಿ ಒಬ್ಬಳೇ ಹೋದೆ. ಸೈಕಲ್ ರಿಕ್ಷಾದವರ ನಡುವೆ ತೂರಿಕೊಂಡು, ಬ್ಯಾಗು, ಬೆಲ್ಟು ಮಾರುವ ಅಂಗಡಿಗಳನ್ನು ದಾಟಿ, ಒಂದು ಕಿರಿದಾದ ಮೆಟ್ಟಿಲು ಹತ್ತಬೇಕಿತ್ತು.

ಅಂಗಡಿಯವನು ಐವತ್ತರ ಆಸುಪಾಸಿನ ಸರ್ದಾರ್‌ಜಿ. ಮಾತು ಕಡಿಮೆ. ನನ್ನ ದೂರನ್ನೆಲ್ಲ ಕೇಳಿ ಟ್ಯಾಬನ್ನು ಒರೆಸಿ, ತನ್ನ ಹೊಸ ಪರದೆಯೊಂದರ ಪಕ್ಕದಲ್ಲಿಟ್ಟು, ಎರಡರಲ್ಲೂ ಒಂದೇ ಫೋಟೊ ತೆರೆದ. ನನಗೂ ಎರಡೂ ಒಂದೇ ಕಂಡವು. ಆಮೇಲೆ ಒಂದು ಪಟ್ಟಿ ತೆರೆದ. ಅದರಲ್ಲಿ ಚೌಕಗಳಿದ್ದವು, ಕಪ್ಪಿನಿಂದ ಶುರುವಾಗಿ ಕಡು ನೀಲಿ, ನೀಲಿ ಎಂದು ಮೆಲ್ಲಗೆ ತಿಳಿಯಾಗುತ್ತಾ ಹೋಗುವ ಚೌಕಗಳು. ಎಷ್ಟು ಕಾಣುತ್ತವೆ ಎಣಿಸಿ ಅಂದ.

ಎಣಿಸಿದೆ. ಏಳು ಎಂದೆ.

ಅವನು ನನ್ನನ್ನು ನೋಡಿ, ಮತ್ತೊಮ್ಮೆ ಎಣಿಸಿ ಅಂದ. ಮತ್ತೆ ಏಳೇ ಬಂತು. ಅಲ್ಲೇ ಫೋನ್ ರಿಪೇರಿಗೆ ಬಂದು ಕೂತಿದ್ದ ಒಬ್ಬ ಕಾಲೇಜು ಹುಡುಗಿಯನ್ನು ಕರೆದು ಎಣಿಸಲು ಹೇಳಿದ. ಅವಳು ಬೆರಳು ಕೂಡ ಇಡದೆ ಹತ್ತು ಅಂದಳು.

“ಮ್ಯಾಡಮ್‌ಜೀ, ಸ್ಕ್ರೀನ್ ಠೀಕ್ ಹೈ. ಆಪ್ ಆಂಖ್ ದಿಖಾ ಲೀಜಿಯೆ,” ಎಂದ. ಪರದೆ ಸರಿಯಿದೆ, ಡಾಕ್ಟರಿಗೆ ಕಣ್ಣು ತೋರಿಸಿಕೊಳ್ಳಿ ಎಂದು ಹೇಳಿ ಟ್ಯಾಬನ್ನು ನನ್ನ ಚೀಲದೊಳಗೆ ತಾನೇ ಇಟ್ಟುಕೊಟ್ಟ. ಏನೂ ತೆಗೆದುಕೊಳ್ಳಲಿಲ್ಲ.

ಮೆಟ್ಟಿಲಿಳಿದು ಬಂದು ಒಂದು ಅಂಗಡಿಯ ಮುಂದೆ ನಿಂತೆ. ತೂಗು ಹಾಕಿದ್ದ ದುಪಟ್ಟಾಗಳನ್ನು ನೋಡಿ ಇದು ಕಪ್ಪೋ ಕಡು ನೀಲಿಯೋ, ಅದು ಬಿಳಿಯೋ ಕೆನೆಬಣ್ಣವೋ ಎಂದು ಒಂದೊಂದನ್ನೇ ನನ್ನಲ್ಲೇ ಕೇಳಿಕೊಂಡೆ. ಅಂಗಡಿಯ ಭಯ್ಯಾ ಯಾವುದು ಬೇಕು ಎಂದು ಕೇಳಿದ. ಅದು ಯಾವ ಬಣ್ಣ ಎಂದು ನಾನು ಕೇಳಿದೆ. ಕಪ್ಪು ಅಂದ. ನಾನೂ ಕಪ್ಪೇ ಅಂದುಕೊಂಡಿದ್ದೆ. ಆದರೆ ಪಕ್ಕದ್ದೂ ಕಪ್ಪು ಅಂದುಕೊಂಡಿದ್ದೆ, ಅದು ನೀಲಿಯಂತೆ. ವಾಪಸ್ ಬರುವ ಮೆಟ್ರೊದಲ್ಲಿ ಎದುರು ಕೂತವರ ಬಟ್ಟೆಯ ಮೇಲೂ ನಂಬಿಕೆ ಹೋಯಿತು.

ಎರಡು ವಾರ ಯಾರಿಗೂ ಹೇಳಲಿಲ್ಲ. ಕಣ್ಣು ಮಸುಕಾಗುತ್ತದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಪೇಪರು ಓದುತ್ತಿದ್ದೆ, ಸೂಜಿಗೆ ದಾರ ಪೋಣಿಸುವುದು ಕಷ್ಟವಾದರೆ ವಯಸ್ಸು ಅಂದುಕೊಂಡಿದ್ದೆ. ಕಚೇರಿಯ ಕೊನೆಯ ವರ್ಷಗಳಲ್ಲಿ ಟ್ಯೂಬ್‌ಲೈಟು ಮಂಕಾಗಿದೆ ಎಂದು ಮೂರು ಸಲ ಬದಲಾಯಿಸಿದ್ದೆ. ಎಷ್ಟು ಕಾಲದಿಂದ ಹೀಗಿದೆ, ಯಾವ ದಿನದಿಂದ ಕಾಣುವುದು ಬೇರೆಯಾಯಿತು ಎಂದು ಹಿಂದಕ್ಕೆ ಯೋಚಿಸುತ್ತಾ ಹೋದರೆ ಆರಂಭ ಸಿಗುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಯಜಮಾನರಿಗೆ ಹೇಳಿದೆ. ಅವರು ತಕ್ಷಣ ಗ್ಯಾಸ್ ಆರಿಸಿ, ಮಗಳನ್ನು ಕರೆದು, ಮಾರನೆಯ ದಿನಕ್ಕೇ ಕಣ್ಣಿನ ಡಾಕ್ಟರ ಬಳಿ ಸಮಯ ಕೇಳಿಸಿದರು.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ನಿಧಾನವಾಗಿ ಬಿಡಿಸಿ ಹೇಳಿದರು. ಕಣ್ಣೊಳಗಿನ ಮಸೂರ ವರ್ಷಗಟ್ಟಲೆ ಹಳದಿಗೆ ತಿರುಗುತ್ತಾ ಹೋಗುತ್ತದೆ, ಅದು ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ, ಬದಲಾವಣೆ ಮೆಲ್ಲಗೆ ಆಗುವುದರಿಂದ ಗೊತ್ತಾಗುವುದೇ ಇಲ್ಲ. ಹಾಗಾದರೆ ನನ್ನ ಚಿತ್ರ ಹಳದಿಯಾಗಬೇಕಿತ್ತಲ್ಲ, ನೀಲಿ ಯಾಕಾಯಿತು ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆ ಇಷ್ಟವಾಯಿತೆಂದು ಕಾಣುತ್ತದೆ, ಪೆನ್ನು ಕೆಳಗಿಟ್ಟರು. ನೀವು ಕಂಡದ್ದನ್ನು ಬರೆಯಲಿಲ್ಲ, ನೆನಪಿನಲ್ಲಿದ್ದದ್ದನ್ನು ಬರೆದಿರಿ; ನೆನಪಿನ ನೀಲಿ ಈ ಕಣ್ಣಿಗೆ ಕಾಣುವವರೆಗೂ ಬಣ್ಣ ಸುರಿದಿರಿ ಎಂದರು.

ಬಲಗಣ್ಣಿನ ಆಪರೇಷನ್ ಮೊದಲು ಆಯಿತು. ಅರ್ಧ ಗಂಟೆಯ ಕೆಲಸ. ಮರುದಿನ ಕಣ್ಣಿನ ಮೇಲಿನ ಮುಚ್ಚಳ ತೆಗೆದಾಗ ನನಗೆ ಮೊದಲು ಕಂಡದ್ದು ನರ್ಸಮ್ಮನ ಏಪ್ರನ್ನು. ಅಷ್ಟು ಬಿಳಿ, ಅಷ್ಟು ಬಿಳಿ ಎಂದರೆ ಅದರಲ್ಲಿ ನೀಲಿಯಿತ್ತು. ಮನೆಗೆ ಬಂದರೆ ನಮ್ಮ ಕಿಟಕಿಯ ಕೆನೆಬಣ್ಣದ ಪರದೆಗಳು ಬಿಳಿಯಾಗಿದ್ದವು. ನಾನು ಎಂಟು ವರ್ಷದಿಂದ ಕೆನೆಬಣ್ಣ ಎಂದು ಹೊಗಳುತ್ತಿದ್ದ ಪರದೆಗಳು. ಯಜಮಾನರ ಮುಖದಲ್ಲಿ ನಾನು ನೋಡದ ಗೆರೆಗಳಿದ್ದವು.

“ಏನು ಹಾಗೆ ನೋಡ್ತಿದ್ದೀಯ?” ಅಂದರು.

ನಿಮಗೆ ವಯಸ್ಸಾಗಿದೆ ಎಂದೆ. ಅದನ್ನು ತಿಳಿಯಲು ಆಪರೇಷನ್ ಬೇಕಾಯಿತೇ ಎಂದು ಕೇಳಿದರು.

ನಾಲ್ಕನೆಯ ದಿನ, ತಡೆಯಲಾರದೆ, ಟ್ಯಾಬ್ ತೆರೆದೆ. ಮಳೆ ನಿಂತ ಸಂಜೆಯ ಆ ಚಿತ್ರ. ಆಕಾಶ ಶಾಯಿ ಚೆಲ್ಲಿದ ಹಾಗಿತ್ತು, ಮೋಡಗಳ ಅಡಿ ಬದನೆಕಾಯಿ ಬಣ್ಣ. ಚಿಮಣಿ ಮಸಿಯ ಕಡ್ಡಿ. ನೋಡುತ್ತಾ ನಾಚಿಕೆಯಾಯಿತು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಅದೇ ಚಿತ್ರ ಸರಿಯಾಗಿತ್ತು, ಮೊದಲಿನಷ್ಟೇ ಚೆನ್ನಾಗಿತ್ತು. ಒಂದು ಕಣ್ಣು ಹೌದೆನ್ನುತ್ತಿತ್ತು, ಇನ್ನೊಂದು ಅಲ್ಲವೆನ್ನುತ್ತಿತ್ತು, ಎರಡೂ ನನ್ನವೇ. ಎಷ್ಟೋ ಹೊತ್ತು ಹಾಗೆ ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತಾ ಕೂತಿದ್ದೆ.

ಅಂದೇ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ತೋಳು ಹಿಡಿದು ಆರನೆಯ ಮಹಡಿಗೆ ಇಳಿದೆ. ಬಾಗಿಲು ತೆರೆದವಳೇ ಹುಡುಗಿ ಗಾಬರಿಯಾದಳು. ಏನಾಯಿತು ಎಂದು ಒಂದೊಂದಾಗಿ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಸೋಫಾದ ಅಂಚಿಗೆ ಬಂದಳು.

“ತಪ್ಪಾಯ್ತು ಕಣಮ್ಮ. ನಿನ್ನ ಕಣ್ಣು ಕೆಟ್ಟಿದೆ ಅಂದೆ,” ಎಂದೆ.

“ನಂಗೆ ಪಾಠ ಹೇಳೋಕೆ ಬರಲ್ಲ ಅಂದುಕೊಂಡಿದ್ದೆ ಆಂಟಿ. ಆಫೀಸಲ್ಲಿ ಹೊಸಬರಿಗೆ ಕಲಿಸೋ ಕೆಲಸ ಕೊಟ್ಟಿದ್ರು, ಬೇಡ ಅಂದ್ಬಿಟ್ಟೆ. ಒಬ್ಬರಿಗೆ ಆರು ತಿಂಗಳಲ್ಲಿ ಒಂದು ಆಕಾಶ ಹೇಳಿಕೊಡೋಕಾಗಲಿಲ್ಲ, ಇನ್ನು ಅವರಿಗೇನು ಅಂತ,” ಅಂದಳು.

ನನಗೆ ಇದು ಗೊತ್ತೇ ಇರಲಿಲ್ಲ. ಮಾತೊಂದು ಇಷ್ಟು ದೂರ ಹೋಗಿ ಮುಟ್ಟಿದೆಯೆಂದು ಎಣಿಸಿಯೂ ಇರಲಿಲ್ಲ. ಮಗಳು ನನ್ನ ಕಡೆ ನೋಡಿ, ನೀರು ತರುತ್ತೇನೆಂದು ಅಡುಗೆಮನೆಯ ಕಡೆ ಹೋದಳು. ಈಗ ಆ ಕೆಲಸ ಕೇಳಿ ಪಡೆಯಬಹುದೇ ಎಂದೆ. ಬೇರೆಯವರಿಗೆ ಹೋಗಿದೆ, ಪರವಾಗಿಲ್ಲ ಅಂದಳು. ಪರವಾಗಿಲ್ಲ ಅನ್ನುವ ಮುಖ ಅದಾಗಿರಲಿಲ್ಲ. ಭಾನುವಾರ ಉಪ್ಪಿಟ್ಟಿಗೆ ಬಾ ಎಂದು ಹೇಳಿ ಎದ್ದೆ.

ಮುಂದಿನ ಭಾನುವಾರ ಅವಳು ಉಪ್ಪಿಟ್ಟಿನ ಹೊತ್ತಿಗೆ ಬಂದಳು. ಹಳೆಯ ಚಿತ್ರಗಳನ್ನು ಅಳಿಸಿಹಾಕುತ್ತೇನೆ ಅಂದರೆ ಬೇಡವೆಂದಳು. ಎಡಗಣ್ಣಿನ ಆಪರೇಷನ್‌ಗೆ ಇನ್ನೂ ಒಂದು ತಿಂಗಳಿದೆಯಲ್ಲ, ಅಷ್ಟರಲ್ಲಿ ಒಂದೇ ನೋಟವನ್ನು ಒಮ್ಮೆ ಬಲಗಣ್ಣಿನಿಂದ, ಒಮ್ಮೆ ಎಡಗಣ್ಣಿನಿಂದ ಬರೆಯಿರಿ ಎಂದಳು. ನೀಲಿ, ಹಸಿರು ಎಂದು ಹೆಸರು ಹಿಡಿಯಬೇಡಿ. ಪಕ್ಕದ್ದಕ್ಕಿಂತ ಇದು ತಿಳಿಯೋ ಗಾಢವೋ, ಬೆಚ್ಚಗಿದೆಯೋ ತಣ್ಣಗಿದೆಯೋ, ಅದನ್ನೇ ಕೇಳಿಕೊಂಡು ಬರೆಯಿರಿ ಎಂದಳು.

ಹಾಗೆಯೇ ಮಾಡಿದೆ. ದೀಪಾವಳಿ ಕಳೆದ ದಿನಗಳು, ಹೊರಗೆ ಹೊಗೆ ಕವಿದು ಸೂರ್ಯ ಹತ್ತು ಗಂಟೆಗೂ ತಾಮ್ರದ ತಟ್ಟೆಯ ಹಾಗಿರುತ್ತಿದ್ದ. ಒಂದು ಕಣ್ಣಿಗೆ ಕರವಸ್ತ್ರ ಕಟ್ಟಿ ಕೂತು ನೆನಪನ್ನು ದೂರ ತಳ್ಳಿ ಬರೆಯುತ್ತಿದ್ದೆ. ವಿಚಿತ್ರವೆಂದರೆ ಹಾಗೆ ಹೋಲಿಸಿ ಹೋಲಿಸಿ ಬರೆದಾಗ ಎಡಗಣ್ಣಿನ ಚಿತ್ರಕ್ಕೂ ಬಲಗಣ್ಣಿನ ಚಿತ್ರಕ್ಕೂ ನಾನೆಣಿಸಿದಷ್ಟು ವ್ಯತ್ಯಾಸ ಬರಲಿಲ್ಲ. ಎಡಗಣ್ಣಿನದರಲ್ಲಿ ದೂರದ ಕಟ್ಟಡಗಳು ಸ್ವಲ್ಪ ಕಲಸಿಹೋಗಿದ್ದವು, ಅಷ್ಟೇ. ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು.

“ಯಾವುದು ಸರಿ?” ಎಂದೆ.

“ಗೊತ್ತಿಲ್ಲ ಆಂಟಿ. ಎರಡರಲ್ಲೂ ಗಾಳಿ ಇದೆ, ಮೊದಲು ಇರಲಿಲ್ಲ,” ಅಂದಳು.

ಡಿಸೆಂಬರಿನಲ್ಲಿ ಎಡಗಣ್ಣಿನದೂ ಮುಗಿಯಿತು. ಬಿಳಿಯಲ್ಲಿದ್ದ ನೀಲಿ ಎರಡು ವಾರದಲ್ಲಿ ಅಭ್ಯಾಸವಾಗಿ ಮಾಯವಾಯಿತು. ಬಿಳಿ ಬಿಳಿಯೇ ಆಯಿತು. ಹಳೆಯ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಈಗ ಆಗುವುದಿಲ್ಲ. ಅಷ್ಟು ವರ್ಷ ನೋಡಿದ ನಮ್ಮ ಕಚೇರಿಯ ಓಣಿ, ಮಗಳ ಶಾಲೆಯ ಸಮವಸ್ತ್ರ, ನನ್ನ ಮದುವೆಯ ಸೀರೆಯ ಬಣ್ಣ, ಇವನ್ನೆಲ್ಲ ಯಾವ ಕಣ್ಣಿನಿಂದ ನೆನಪಿಟ್ಟುಕೊಂಡಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಡಾಕ್ಟರನ್ನು ಕೇಳಿದೆ. ನಕ್ಕು, ಕಣ್ಣಿಗೆ ಹಾಕುವ ಹನಿಯ ಚೀಟಿ ಬರೆದುಕೊಟ್ಟರು.

ಜನವರಿಯ ಒಂದು ಭಾನುವಾರ ಹುಡುಗಿ, ಕಿಟಕಿ ಸಾಕು, ಚಲೋ, ಇವತ್ತು ಹೊರಗೆ ಹೋಗೋಣ ಆಂಟಿ ಎಂದಳು. ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಂಡು, ಆಟೊದಲ್ಲಿ ಹಳ್ಳಿ ದಾಟಿ ಯಮುನೆಯ ಕಡೆಯ ಬಯಲಿಗೆ ಹೋದೆವು. ಮಂಜು ಇನ್ನೂ ಎದ್ದಿರಲಿಲ್ಲ. ಒಂದು ಬದುವಿನ ಮೇಲೆ ಗೋಣಿ ಹಾಸಿಕೊಂಡು ಇಬ್ಬರೂ ಟ್ಯಾಬ್ ತೊಡೆಯ ಮೇಲಿಟ್ಟು ಕೂತೆವು. ಬೆರಳು ಮರಗಟ್ಟಿ ಪೆನ್ನು ಜಾರುತ್ತಿತ್ತು. ಹತ್ತಿರದ ಗೋಧಿ ಪೈರು ಕಂಡಿತು, ನಡುವಿನ ಒಂದು ಮರ ಕಂಡಿತು, ಆಮೇಲೆ ಬೂದು. ಬೂದಿನೊಳಗೆ ಅಡ್ಡಕ್ಕೆ ಒಂದು ತೆಳು ಕಂದು ಗೆರೆ.

ಅದು ಆಚೆ ದಡವೋ, ಬರೀ ಹೊಗೆಯೋ ನನಗೆ ಗೊತ್ತಾಗಲಿಲ್ಲ. ಆಪರೇಷನ್ ಆದ ಮೇಲೆ ಕೊಟ್ಟಿದ್ದ ಕನ್ನಡಕ ಒರೆಸಿ ನೋಡಿದೆ. ಇನ್ನೂ ಗೊತ್ತಾಗಲಿಲ್ಲ. ಮತ್ತೆ ಕಣ್ಣಿಗೇನಾದರೂ ಆಯಿತೇ ಎಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಹುಡುಗಿಯನ್ನು ಕೇಳಿದೆ. ಅವಳು ಕಣ್ಣು ಅರ್ಧ ಮುಚ್ಚಿ, ಕತ್ತು ವಾರೆ ಮಾಡಿ ನೋಡಿದಳು.

“ನಂಗೂ ತಿಳೀತಿಲ್ಲ ಆಂಟಿ,” ಅಂದಳು.

ಅವಳು ಅದನ್ನು ದಡವೆಂದು ಬರೆದಳು. ನಾನು ಹೊಗೆಯೆಂದು ಬರೆದೆ. ಇಪ್ಪತ್ತು ನಿಮಿಷದ ಬದಲು ಒಂದು ತಾಸು ಕೂತಿದ್ದೆವು. ಮಂಜು ಏಳುವುದನ್ನು ಕಾಯೋಣವೇ ಎಂದು ಅವಳು ಕೇಳಿದಳು. ಬೇಡವೆಂದೆ. ಕಾಫಿ ಮುಗಿಸಿ, ಗೋಣಿ ಕೊಡವಿ ಮಡಚಿಕೊಂಡು, ಆಟೊ ಸಿಗುವ ರಸ್ತೆಯ ಕಡೆ ನಡೆದೆವು.